ಇಷ್ಟವಾಗದವರನ್ನು ಪ್ರೀತಿಸಬಹುದೇ?


*ದಿನಕ್ಕೊಂದು ಚಿಂತನೆ*



ಮೈತ್ರಿ ಧ್ಯಾನಕ್ಕೆ ಕೂತವರಿಗೆಲ್ಲ ಒಂದು ಅನುಭವ ಸಾಮಾನ್ಯ. ಮೊದಲು ನಮಗೆ ನಾವೇ ಒಳಿತು ಕೋರಿಕೊಳ್ಳುತ್ತೇವೆ. ಆಮೇಲೆ ಪ್ರಿಯರಿಗೆ. ಅಲ್ಲಿ ಮನಸ್ಸು ತಾನಾಗಿಯೇ ಹರಿಯುತ್ತದೆ. ಮುಂದೆ, ಬರೀ ಮುಖಪರಿಚಯ ಇರುವವರಿಗೆ: ಬೀದಿ ಕೊನೆಯ ಅಂಗಡಿಯವರು, ದಿನವೂ ಬಸ್ಸಿನಲ್ಲಿ ಕಾಣುವವರು. ಸ್ವಲ್ಪ ಪ್ರಯತ್ನ ಬೇಕು, ಆದರೂ ಆಗುತ್ತದೆ. ನಾಲ್ಕನೆಯ ಹಂತ ನಮಗೆ ನೋವು ಕೊಟ್ಟವರದು. ಅಲ್ಲಿ ಬಾಯಿ ಹೇಳುತ್ತದೆ, ಎದೆ ಒಪ್ಪುವುದಿಲ್ಲ.

ಇದು ಹೊಸ ಕಷ್ಟವಲ್ಲ. ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಈ ಹಂತಗಳನ್ನು ವಿವರಿಸುವಾಗ, ವೈರಿಯನ್ನು ನೆನೆದೊಡನೆ ಸಿಟ್ಟು ಏಳುತ್ತದೆ ಎಂದು ತಿಳಿದೇ ಅದನ್ನು ತಣಿಸುವ ಉಪಾಯಗಳನ್ನು ಒಂದಾದ ಮೇಲೊಂದು ಕೊಡುತ್ತಾ ಹೋಗುತ್ತಾರೆ. ಯಾವುದೂ ಫಲಿಸದಿದ್ದರೆ ಕೊನೆಗೆ ಅವರು ಹೇಳುವುದು ತುಂಬಾ ಸರಳ: ಆ ವ್ಯಕ್ತಿಗೆ ಏನನ್ನಾದರೂ ಕೊಡು. ಅಂದರೆ ಮನಸ್ಸು ಮುಂದೆ ಹೋಗದಿದ್ದರೆ ಕೈಯಿಂದ ಶುರುಮಾಡು.

ಇದೇ ಮಾತನ್ನು ಬೇರೆ ದಾರಿಯಲ್ಲಿ ಕಂಡುಕೊಂಡ ಒಂದು ಪರಂಪರೆಯ ಬಗ್ಗೆ ಇಂದು ಯೋಚಿಸೋಣ. ಅದು ಕ್ರೈಸ್ತರ ನಿಸ್ವಾರ್ಥ ಪ್ರೀತಿ. ಅದನ್ನು ಒಂದು ಊರಿಗೆ ಊರೇ ಒಂದು ವರ್ಷಕ್ಕೂ ಹೆಚ್ಚು ಕಾಲ ಬೀದಿಯಲ್ಲಿ ಬಾಳಿ ತೋರಿಸಿದ ಕಥೆಯನ್ನೂ ನೋಡೋಣ.

*1. ಯಾವ ಪ್ರೀತಿ?*

ಕ್ರೈಸ್ತರ ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಈ ಪ್ರೀತಿಗೆ ಬಳಸಿರುವ ಪದ 'ಅಗಾಪೆ'. ಗ್ರೀಕರಿಗೆ ಪ್ರಣಯ ಪ್ರೀತಿಗೆ 'ಎರೋಸ್' ಎಂಬ ಪದವಿತ್ತು, ಗೆಳೆತನದ ಪ್ರೀತಿಗೆ 'ಫಿಲಿಯಾ' ಎಂಬ ಪದವಿತ್ತು. ಈ ಎರಡಕ್ಕೂ ಎದುರಿನವರಲ್ಲಿ ಏನೋ ಒಂದು ನಮಗೆ ಹಿಡಿಸಬೇಕು. ಅಗಾಪೆಗೆ ಹಾಗಿಲ್ಲ. ಎದುರಿನವರು ಹೇಗೇ ಇರಲಿ, ಅವರಿಗೆ ಒಳಿತಾಗಲಿ ಎಂದು ನಿರ್ಧರಿಸಿ ಅದರಂತೆ ನಡೆಯುವುದು ಅಗಾಪೆ.

ಕನ್ನಡದಲ್ಲಿ ನಾವು ಮೂರಕ್ಕೂ 'ಪ್ರೀತಿ' ಎಂದೇ ಹೇಳುವುದರಿಂದ ಗೊಂದಲವಾಗುತ್ತದೆ. 'ಶತ್ರುವನ್ನು ಪ್ರೀತಿಸು' ಎಂದರೆ ಅವನ ಮೇಲೆ ಒಲವು ತಂದುಕೋ ಎಂದು ಕೇಳಿಸುತ್ತದೆ. ಒಲವನ್ನು ಬಲವಂತವಾಗಿ ತರಲಾಗದು. ಒಳಿತನ್ನು ಮಾಡಬಹುದು.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ದೋಚಿ ಬಿಟ್ಟುಹೋಗಿರುತ್ತಾರೆ. ಒಬ್ಬ ಯಾಜಕ ಬರುತ್ತಾನೆ, ಒಬ್ಬ ಲೇವಿಯ ಬರುತ್ತಾನೆ. ಇಬ್ಬರೂ ದಾರಿಯ ಆಚೆ ಬದಿಯಿಂದ ಹೋಗಿಬಿಡುತ್ತಾರೆ. ನಿಲ್ಲುವವನು ಸಮಾರ್ಯದವನು. ಯೆಹೂದಿಗಳಿಗೂ ಸಮಾರ್ಯದವರಿಗೂ ಆಗಿಬರುತ್ತಿರಲಿಲ್ಲ.

ಈ ಕಥೆಯಲ್ಲಿ ಅವನಿಗೆ ಕನಿಕರ ಬಂತು ಎಂಬುದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಉಳಿದದ್ದೆಲ್ಲ ಕೆಲಸ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿದ. ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ದಿನಾರಿ ಕೊಟ್ಟ. ಆ ಕಾಲದ ಕೂಲಿಯವನಿಗೆ ಅದು ಸುಮಾರು ಎರಡು ದಿನದ ಸಂಬಳ. ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆಂದು ಹೇಳಿ ತನ್ನ ಪ್ರಯಾಣ ಮುಂದುವರಿಸಿದ.

ಇನ್ನೊಂದು ಸೂಕ್ಷ್ಮವೂ ಇದೆ. ಅವನು ತನ್ನ ಬದುಕನ್ನೇ ಬಿಟ್ಟು ಅಲ್ಲೇ ಕೂರಲಿಲ್ಲ. ತನ್ನಿಂದಾದದ್ದು ಮಾಡಿ, ಉಳಿದದ್ದಕ್ಕೆ ಏರ್ಪಾಡು ಮಾಡಿದ. ನಿಸ್ವಾರ್ಥ ಪ್ರೀತಿ ಎಂದರೆ ತನ್ನನ್ನು ಅಳಿಸಿಕೊಳ್ಳುವುದಲ್ಲ.

*2. ಒಂದು ಊರು ನಡೆದ 381 ದಿನ*

ಈ ಪ್ರೀತಿ ಒಬ್ಬ ಗಾಯಾಳುವಿಗೆ ಸರಿ. ಆದರೆ ಗಾಯ ಮಾಡುವುದೇ ಒಂದು ವ್ಯವಸ್ಥೆಯಾಗಿದ್ದರೆ? ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೋಮರಿ ನಗರ ಈ ಪ್ರಶ್ನೆಯನ್ನು ಎದುರಿಸಿತು.

ಅಲ್ಲಿನ ಬಸ್ಸುಗಳಲ್ಲಿ ಮುಂದಿನ 10 ಸೀಟುಗಳು ಬಿಳಿಯರಿಗೆ ಮೀಸಲು. ಹಲವು ವೇಳೆ ಕಪ್ಪು ಜನ ಮುಂದಿನ ಬಾಗಿಲಲ್ಲಿ ಹತ್ತಿ ಹಣ ಕೊಟ್ಟು, ಇಳಿದು, ಹಿಂದಿನ ಬಾಗಿಲಿಂದ ಮತ್ತೆ ಹತ್ತಬೇಕಿತ್ತು. ಬಿಳಿಯರ ಸೀಟು ತುಂಬಿದರೆ ನಡುವಿನ ಸಾಲಿನಿಂದಲೂ ಏಳಬೇಕಿತ್ತು. 1955ರ ಡಿಸೆಂಬರ್ 1ರಂದು 42 ವರ್ಷದ ರೋಸಾ ಪಾರ್ಕ್ಸ್ ಏಳಲಿಲ್ಲ. ಅವರನ್ನು ಬಂಧಿಸಿದರು. ಡಿಸೆಂಬರ್ 5ರಿಂದ ಊರಿನ ಕಪ್ಪು ಜನ ಬಸ್ಸು ಹತ್ತುವುದನ್ನೇ ನಿಲ್ಲಿಸಿದರು.

ಚಳವಳಿಯ ಮುಂದಾಳುವಾಗಿ ಆಯ್ಕೆಯಾದವರು ಡೆಕ್ಸ್‌ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. ಆಗ ಅವರಿಗೆ 26 ವರ್ಷ. 'ಬಹಿಷ್ಕಾರ' ಎಂಬ ಪದವೇ ಅವರನ್ನು ಕಾಡಿತು. ನಮ್ಮ ಊರುಗಳಲ್ಲೂ ಬಹಿಷ್ಕಾರ ಎಂದರೆ ಬಲವಿದ್ದವರು ಬಲವಿಲ್ಲದವರ ಅನ್ನ ನೀರು ನಿಲ್ಲಿಸುವುದು ಎಂದೇ ಅರ್ಥ ಬಂದಿದೆಯಲ್ಲ. ನಾವು ಬಸ್ ಕಂಪನಿಯನ್ನು ಮುಳುಗಿಸಲು ಹೊರಟಿಲ್ಲ, ಒಂದು ಕೆಡುಕಿಗೆ ನಮ್ಮ ಸಹಕಾರವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ ಎಂಬ ತಿಳಿವಳಿಕೆಗೆ ಅವರು ಬಂದರು. ಹೋರಾಟ ಅನ್ಯಾಯದ ಜೊತೆ, ಮನುಷ್ಯರ ಜೊತೆಯಲ್ಲ ಎಂಬುದು ಅವರ ಎಲ್ಲ ಮಾತಿನ ತಿರುಳಾಯಿತು.

1956ರ ಜನವರಿ 30ರ ರಾತ್ರಿ ಅವರ ಮನೆಗೆ ಬಾಂಬ್ ಬಿತ್ತು. ಒಳಗೆ ಹೆಂಡತಿ ಕೊರೆಟ್ಟಾ ಮತ್ತು ಎರಡೂವರೆ ತಿಂಗಳ ಮಗಳು ಇದ್ದರು. ಇಬ್ಬರೂ ಉಳಿದುಕೊಂಡರು. ಕಿಂಗ್ ಓಡಿಬಂದಾಗ ಮನೆ ಮುಂದೆ ಸಿಟ್ಟೆದ್ದ ಜನ, ಕೆಲವರ ಕೈಯಲ್ಲಿ ಆಯುಧ. ಅವರು ಜಗಲಿಯ ಮೇಲೆ ನಿಂತು, ಆಯುಧಗಳನ್ನು ಮನೆಗೆ ಒಯ್ಯಿರಿ, ದ್ವೇಷಕ್ಕೆ ಪ್ರೀತಿಯಿಂದಲೇ ಎದುರಾಗಬೇಕು ಎಂದು ಹೇಳಿ ಜನರನ್ನು ಕಳಿಸಿಕೊಟ್ಟರು.

ಇದನ್ನು ಓದಿ 'ಅವರು ಮಹಾತ್ಮರು, ನಮ್ಮಿಂದಾಗದು' ಎನ್ನಬೇಡಿ. ಆ ಘಟನೆಯ ನಂತರ ಕಿಂಗ್ ಬಂದೂಕಿನ ಪರವಾನಗಿಗೂ ಅರ್ಜಿ ಹಾಕಿದ್ದರು. ಸಿಗಲಿಲ್ಲ. ಆಮೇಲೆ ಹೆಂಡತಿಯೊಂದಿಗೆ ಯೋಚಿಸಿ, ಅಹಿಂಸೆಯ ಮಾತಾಡುತ್ತಾ ಮನೆಯಲ್ಲಿ ಆಯುಧ ಇಟ್ಟುಕೊಳ್ಳುವುದು ಹೊಂದುವುದಿಲ್ಲ ಎಂದು ಇದ್ದ ಒಂದನ್ನೂ ಬಿಟ್ಟರು. ಈ ಪ್ರೀತಿ ಅವರಲ್ಲೂ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ.

*3. ಪ್ರೀತಿಗೆ ಏರ್ಪಾಡು ಬೇಕು*

ಸುಮಾರು 40,000 ಜನ ಬಸ್ಸು ಬಿಟ್ಟರೆ ಕೆಲಸಕ್ಕೆ ಹೋಗುವುದು ಹೇಗೆ? ಬಹಳ ಮಂದಿ ನಡೆದರು. ಸುಮಾರು 300 ಕಾರುಗಳನ್ನು ಸೇರಿಸಿ, ಯಾವ ಮೂಲೆಯಲ್ಲಿ ಯಾರನ್ನು ಯಾವಾಗ ಹತ್ತಿಸಿಕೊಳ್ಳಬೇಕೆಂದು ಗೊತ್ತುಮಾಡಿದರು. ಕಾರುಗಳ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದರು.

ಪೆಟ್ರೋಲಿಗೆ ಹಣ? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆ ಕೆಲಸದ ಹೆಂಗಸು ಇತರ ಹೆಂಗಸರನ್ನು ಸೇರಿಸಿ ಕೇಕು, ಕೋಳಿ ಊಟ ಮಾಡಿ ಮಾರಿ ಹಣ ಕೂಡಿಸಿದರು. ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ 'ಎಲ್ಲಿಂದಲೂ ಇಲ್ಲ' ಎನ್ನುವ ಅರ್ಥದಲ್ಲಿ ತಮ್ಮ ಗುಂಪಿಗೆ 'ಕ್ಲಬ್ ಫ್ರಮ್ ನೋವೇರ್' ಎಂದೇ ಹೆಸರಿಟ್ಟರು. ಕೊಟ್ಟವರ ಹೆಸರು ಹೊರಬಂದರೆ ಅವರ ಕೆಲಸ ಹೋಗುವ ಭಯವಿತ್ತು. ಕಿಂಗ್ ಮೇಲಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಮೇಲೆ ಗಿಲ್ಮೋರ್ ಅವರ ಕೆಲಸ ಹೋಗಿಯೇಬಿಟ್ಟಿತು.

ಭಾಷಣದ ಪ್ರೀತಿ ಒಂದು ವಾರ ನಡೆಸೀತು. 381 ದಿನ ನಡೆಸಿದ್ದು ಅಡುಗೆಮನೆಯ ಪ್ರೀತಿ, ಕಾರಿನ ಕೀಲಿಯ ಪ್ರೀತಿ, ಲೆಕ್ಕದ ಪುಸ್ತಕದ ಪ್ರೀತಿ.

ಜೊತೆಗೆ ಕಾನೂನಿನ ದಾರಿಯನ್ನೂ ಅವರು ಬಿಡಲಿಲ್ಲ. ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಕ್ಲಾಡೆಟ್ ಕಾಲ್ವಿನ್, ಮೇರಿ ಲೂಯಿಸ್ ಸ್ಮಿತ್ ಎಂಬ ನಾಲ್ವರು ಹೆಂಗಸರ ಹೆಸರಿನಲ್ಲಿ ಕೋರ್ಟಿನಲ್ಲಿ ಕೇಸು ನಡೆಯಿತು. 1956ರ ನವೆಂಬರ್ 13ರಂದು ಅಮೆರಿಕದ ಸುಪ್ರೀಂ ಕೋರ್ಟು ಬಸ್ಸಿನ ಭೇದ ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪನ್ನು ಎತ್ತಿಹಿಡಿಯಿತು.

*4. ಗೆದ್ದ ಮೇಲಿನ ಅಭ್ಯಾಸ*

ನಮ್ಮ ಬಳಗಕ್ಕೆ ಅತಿ ಮುಖ್ಯವಾದ ಪಾಠ ಇಲ್ಲಿದೆ. ಗೆದ್ದವರು ಮೆರವಣಿಗೆ ಮಾಡಿಕೊಂಡು ಬಸ್ಸು ಹತ್ತಬಹುದಿತ್ತು. ಅವರು ತಾಲೀಮು ನಡೆಸಿದರು. ಚರ್ಚುಗಳಲ್ಲಿ ಕುರ್ಚಿಗಳನ್ನು ಬಸ್ಸಿನ ಹಾಗೆ ಸಾಲಾಗಿ ಇಟ್ಟು, ಒಬ್ಬರು ಡ್ರೈವರ್, ಕೆಲವರು ಸಿಡುಕಿನ ಬಿಳಿಯ ಪ್ರಯಾಣಿಕರು, ಕೆಲವರು ಕಪ್ಪು ಪ್ರಯಾಣಿಕರು. ಬೈದರೆ ಏನು ಮಾಡುವುದು, ತಳ್ಳಿದರೆ ಏನು ಮಾಡುವುದು ಎಂದು ನಾಟಕದ ಹಾಗೆ ಆಡಿ ಕಲಿತರು.

ಒಂದು ಕರಪತ್ರವನ್ನೂ ಹಂಚಿದರು. ಬೈದರೆ ತಿರುಗಿ ಬೈಯಬೇಡಿ, ತಳ್ಳಿದರೆ ತಳ್ಳಬೇಡಿ, ಹೊಡೆದರೆ ಹೊಡೆಯಬೇಡಿ, ಗೆದ್ದೆವೆಂದು ಜಂಬ ಪಡಬೇಡಿ ಎಂಬ ಸೂಚನೆಗಳು ಅದರಲ್ಲಿದ್ದವು. ಕೊನೆಯಲ್ಲಿ ಇನ್ನೊಂದು ಸೂಚನೆಯೂ ಇತ್ತು: ಇದೆಲ್ಲ ತಡೆದುಕೊಳ್ಳಲು ನಿಮ್ಮಿಂದ ಆಗದು ಅನಿಸಿದರೆ ಇನ್ನೊಂದೆರಡು ವಾರ ನಡೆದೇ ಹೋಗಿ.

ಇದನ್ನು ಎರಡು ಸಲ ಓದಿ. ಪ್ರೀತಿಸಲು ಆಗದವರನ್ನು ಯಾರೂ ಹೀಯಾಳಿಸಲಿಲ್ಲ. ನಿನ್ನ ಸಿಟ್ಟು ಇನ್ನೂ ಬಿಸಿಯಿದ್ದರೆ ದೂರ ಇರು, ಸಿದ್ಧವಾದಾಗ ಬಾ ಎಂದರು. ನೊಂದವರ ಶಕ್ತಿಗೆ ಮೀರಿ ಅವರಿಂದ ಪ್ರೀತಿ ಕೇಳುವುದೂ ಒಂದು ಬಗೆಯ ಹಿಂಸೆಯೇ ಎಂಬ ತಿಳಿವಳಿಕೆ ಆ ಒಂದು ಸೂಚನೆಯಲ್ಲಿದೆ.

ಡಿಸೆಂಬರ್ 21ರ ಬೆಳಿಗ್ಗೆ ಅವರು ಬಸ್ಸು ಹತ್ತಿ ಮುಂದೆ ಕೂತರು. ಆದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಬಸ್ಸುಗಳ ಮೇಲೆ ಗುಂಡು ಹಾರಿತು. 1957ರ ಜನವರಿಯಲ್ಲಿ ಚರ್ಚುಗಳಿಗೆ ಬಾಂಬ್ ಬಿತ್ತು. ಪ್ರೀತಿ ಎದುರಿನವರನ್ನು ತಕ್ಷಣ ಬದಲಿಸುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಇವರನ್ನು ದ್ವೇಷದ ಜನರಾಗಲು ಅದು ಬಿಡಲಿಲ್ಲ, ಅಷ್ಟಂತೂ ಖಂಡಿತ.

*5. ನಮ್ಮ ದಾರಿಗೆ ತಾಗುವ ಜಾಗ*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಧಮ್ಮದೀಕ್ಷೆ ಪಡೆದ ದಿನವೂ ಮಾಂಟ್‌ಗೋಮರಿಯ ಜನ ನಡೆಯುತ್ತಲೇ ಇದ್ದರು. ಸಮಾನತೆ ಕೇಳಿದ ಎರಡು ಜನಸಮುದಾಯಗಳು, ಎರಡು ಧರ್ಮದ ಭಾಷೆಗಳು, ಒಂದೇ ವರ್ಷ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ, ಬಂಧುತ್ವ ಇಲ್ಲದಿದ್ದರೆ ಸ್ವಾತಂತ್ರ್ಯವೂ ಸಮಾನತೆಯೂ ಸಹಜವಾಗಿ ನಡೆದುಕೊಂಡು ಹೋಗಲಾರವು, ಅವನ್ನು ನಡೆಸಲು ಪೊಲೀಸ್ ಪೇದೆಯೇ ಬೇಕಾಗುತ್ತಾನೆ ಎಂಬ ಅರ್ಥದ ಮಾತು ಹೇಳಿದ್ದರು. ಕೋರ್ಟಿನ ತೀರ್ಪು ಒಬ್ಬರನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಬಹುದು. ಪಕ್ಕದ ಸೀಟಿನವರು ಎದ್ದು ಹೋಗದ ಹಾಗೆ ಮಾಡಲು ಯಾವ ಪೇದೆಗೂ ಆಗದು. ಆ ಪಕ್ಕದ ಸೀಟೇ ಮೈತ್ರಿಯ ಜಾಗ. ಹಕ್ಕಿಗೆ ಕಾನೂನು ಬೇಕು, ಬಾಳುವುದಕ್ಕೆ ಮೈತ್ರಿ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಬಾರದು.

ಮುಂದೆ 1965ರಲ್ಲಿ ವಿಯೆಟ್ನಾಮಿನ ಭಿಕ್ಖು ತಿಕ್ ನಾತ್ ಹಾನ್ ಅವರು ಕಿಂಗ್ ಅವರಿಗೆ ಪತ್ರ ಬರೆದರು. ನಿಜವಾದ ಶತ್ರು ಮನುಷ್ಯನಲ್ಲ, ಅವನೊಳಗಿನ ಅಸಹನೆ, ದ್ವೇಷ, ದುರಾಸೆಗಳು ಎಂಬುದು ಆ ಪತ್ರದ ಸಾರ. 1966ರಲ್ಲಿ ಇಬ್ಬರೂ ಷಿಕಾಗೋದಲ್ಲಿ ಭೇಟಿಯಾದರು. 1967ರ ಜನವರಿಯಲ್ಲಿ ಕಿಂಗ್ ಆ ಭಿಕ್ಖುವಿನ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದರು. ಏಪ್ರಿಲ್ 4ರಂದು ವಿಯೆಟ್ನಾಂ ಯುದ್ಧದ ವಿರುದ್ಧ ನ್ಯೂಯಾರ್ಕಿನ ಚರ್ಚೊಂದರಲ್ಲಿ ಬಹಿರಂಗವಾಗಿ ಮಾತನಾಡಿದರು. ಸರಿಯಾಗಿ ಒಂದು ವರ್ಷಕ್ಕೆ, 1968ರ ಏಪ್ರಿಲ್ 4ರಂದು, ಅವರ ಕೊಲೆಯಾಯಿತು.

ಎರಡು ಪರಂಪರೆಗಳೂ ಒಂದೇ ಎಂದು ನಾವು ಹೇಳಬೇಕಿಲ್ಲ. ಕ್ರೈಸ್ತರಿಗೆ ಈ ಪ್ರೀತಿಯ ಬೇರು ದೇವರು. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯನನ್ನು ಮೂಡಿಸುವ ದೇವರ ಹಾಗೆ ನೀವೂ ಇರಿ ಎಂಬುದು ಯೇಸುವಿನ ಬೋಧನೆ. ನಮಗೆ ಸೃಷ್ಟಿಕರ್ತನಿಲ್ಲ. ಎಲ್ಲ ಜೀವಿಗಳೂ ಸುಖ ಬಯಸುತ್ತವೆ, ನೋವಿಗೆ ಅಂಜುತ್ತವೆ, ಒಂದನ್ನೊಂದು ಆಶ್ರಯಿಸಿ ಇವೆ ಎಂಬ ಅರಿವೇ ನಮ್ಮ ಬೇರು. ಬೇರು ಬೇರೆಯಾದರೂ ನೆರಳು ಒಂದೇ ಬಗೆಯದು. ವಿಸುದ್ಧಿಮಗ್ಗ ಮೈತ್ರಿಗೆ ಎರಡು ಶತ್ರುಗಳನ್ನು ಹೇಳುತ್ತದೆ: ದೂರದ ಶತ್ರು ದ್ವೇಷ, ಹತ್ತಿರದ ಶತ್ರು ರಾಗ, ಅಂದರೆ ಮೈತ್ರಿಯಂತೆಯೇ ಕಾಣುವ ಅಂಟು. ಅಗಾಪೆ ಬೇರೆ, ಹಿಡಿಸುವ ಪ್ರೀತಿ ಬೇರೆ ಎನ್ನುವಾಗ ಅವರು ಹೇಳುವುದೂ ಇದಕ್ಕೆ ಹತ್ತಿರದ ಮಾತು. ಶತ್ರುವನ್ನು ಇಷ್ಟಪಡಿ ಎಂದು ಯೇಸು ಹೇಳಲಿಲ್ಲ, ಪ್ರೀತಿಸಿ ಎಂದಷ್ಟೇ ಹೇಳಿದ್ದು, ಅದು ನಮ್ಮ ಪುಣ್ಯ ಎಂಬ ಧಾಟಿಯಲ್ಲಿ ಕಿಂಗ್ ಒಂದು ಪ್ರವಚನದಲ್ಲಿ ವಿವರಿಸಿದ್ದರು.

*6. ನಮ್ಮ ಮನೆ, ನಮ್ಮ ಬೀದಿ*

🔸 *ಪಾಲಿನ ಜಗಳ.* ಅಣ್ಣ ತಮ್ಮಂದಿರ ನಡುವೆ ಸೈಟಿನ ವಿಷಯಕ್ಕೆ ಮಾತು ನಿಂತು ವರ್ಷಗಳಾದ ಮನೆಗಳು ಎಷ್ಟಿಲ್ಲ? ಅಗಾಪೆ ಎಂದರೆ ಪಾಲು ಬಿಟ್ಟುಕೊಡು ಎಂದಲ್ಲ. ಕೇಳುವುದನ್ನು ಕಾಗದದಲ್ಲಿ ನೇರವಾಗಿ ಕೇಳಿ. ಆದರೆ ಅಣ್ಣನ ಮಗಳ ಮದುವೆಗೆ ಹೋಗಿ. ಅತ್ತಿಗೆ ಆಸ್ಪತ್ರೆಯಲ್ಲಿದ್ದರೆ ಊಟ ಕಳಿಸಿ. ವ್ಯಾಜ್ಯ ಒಂದು ಕಡೆ, ಮನುಷ್ಯರು ಒಂದು ಕಡೆ.

🔸 *ವಯಸ್ಸಾದವರ ಆರೈಕೆ.* ಹಾಸಿಗೆ ಹಿಡಿದ ಹಿರಿಯರನ್ನು ಮನೆಯ ಒಬ್ಬಳೇ ಸೊಸೆ ಅಥವಾ ಒಬ್ಬಳೇ ಮಗಳು ನೋಡಿಕೊಳ್ಳುತ್ತಾಳೆ. ಉಳಿದವರು 'ನೀನು ದೇವತೆಯಮ್ಮ' ಎಂದು ಹೊಗಳಿ ಹೊರಡುತ್ತಾರೆ. ಹೊಗಳಿಕೆ ಪ್ರೀತಿಯಲ್ಲ. ಸಮಾರ್ಯದವನು ಛತ್ರದವನಿಗೆ ಹಣ ಕೊಟ್ಟಿದ್ದ, ಹೊಗಳಿ ಹೋಗಲಿಲ್ಲ. ವಾರಕ್ಕೆ ಎರಡು ರಾತ್ರಿ ನಾನು ಬಂದು ಮಲಗುತ್ತೇನೆ, ಔಷಧಿಯ ಖರ್ಚು ನನ್ನದು ಎನ್ನುವುದು ಪ್ರೀತಿ.

🔸 *ಕುಟುಂಬದ ವಾಟ್ಸಾಪ್ ಗುಂಪು.* ಚಿಕ್ಕಪ್ಪ ಒಂದು ಸಮುದಾಯದ ಮೇಲೆ ವಿಷ ಕಾರುವ ಸಂದೇಶ ಹಾಕುತ್ತಾರೆ. ಅಲ್ಲೇ ಅವಮಾನ ಮಾಡಿದರೆ ಅವರು ಇನ್ನೂ ಗಟ್ಟಿಯಾಗುತ್ತಾರೆ. ಸುಮ್ಮನಿದ್ದರೆ ವಿಷಕ್ಕೆ ನಾವೂ ಜೊತೆ. ಗುಂಪಿನಲ್ಲಿ ಒಂದೇ ವಾಕ್ಯ: 'ಚಿಕ್ಕಪ್ಪ, ಇದು ಸರಿಯಲ್ಲ, ನಾನು ಒಪ್ಪುವುದಿಲ್ಲ.' ಆಮೇಲೆ ಫೋನ್ ಮಾಡಿ, ಆರೋಗ್ಯ ವಿಚಾರಿಸಿ, ಸಮಾಧಾನವಾಗಿ ಮಾತಾಡಿ.

🔸 *ಬೇರೆ ಲೋಟ.* ಕೆಲಸದವರಿಗೆ, ಪೌರಕಾರ್ಮಿಕರಿಗೆ ಬೇರೆ ಲೋಟ ಇಡುವ ಮನೆಗಳು ನಮ್ಮ ನಡುವೆ ಇನ್ನೂ ಇವೆ. ಅವರ ಮೇಲೆ ಕರುಣೆ ಬರಲಿ ಎಂದು ಕಾಯುವ ಅಗತ್ಯವಿಲ್ಲ. ಲೋಟ ಬದಲಿಸಿ, ಕುರ್ಚಿ ಕೊಡಿ, ಹೆಸರು ಹಿಡಿದು ಗೌರವದಿಂದ ಮಾತಾಡಿಸಿ. ಮನಸ್ಸು ಕೈಯ ಹಿಂದೆ ಬರುತ್ತದೆ.

*7. ಒಂದು ಎಚ್ಚರಿಕೆ*

ಪ್ರೀತಿಯ ಉಪದೇಶವನ್ನು ಯಾವಾಗಲೂ ನೊಂದವರಿಗೇ ಮಾಡುವ ಕೆಟ್ಟ ಅಭ್ಯಾಸ ಸಮಾಜಕ್ಕಿದೆ. ಗಂಡನಿಂದ ಹೊಡೆತ ತಿನ್ನುವ ಹೆಣ್ಣಿಗೆ 'ಹೊಂದಿಕೊಂಡು ಹೋಗಮ್ಮ' ಎನ್ನುವುದು ಅಗಾಪೆಯೂ ಅಲ್ಲ, ಮೈತ್ರಿಯೂ ಅಲ್ಲ. ಹೊಡೆಯುವವನಿಗೂ ಅದರಿಂದ ಒಳಿತಿಲ್ಲ. ಅವನನ್ನು ತಡೆಯುವುದೇ ಅವನಿಗೂ ಮಾಡುವ ಹಿತ. ಅಂಥ ಹೆಣ್ಣುಮಗಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ಜೊತೆಗೆ ನಿಲ್ಲುವ ನಾಲ್ಕು ಜನ, 181 ಮಹಿಳಾ ಸಹಾಯವಾಣಿ. ಕ್ಷಮೆ ಎಂದಾದರೂ ಬಂದರೆ ಅದು ಅವಳದೇ ನಿರ್ಧಾರ, ಅವಳದೇ ಸಮಯ. ಇನ್ನೊಂದೆರಡು ವಾರ ನಡೆದೇ ಹೋಗುವ ಹಕ್ಕು ಅವಳಿಗೂ ಇದೆ.

ಪ್ರೀತಿ ಮತ್ತು ಬಲ ಎದುರುಬದುರಾದವಲ್ಲ ಎಂದು ಕಿಂಗ್ 1967ರಲ್ಲಿ ವಿವರಿಸಿದ್ದರು. ಬಲವಿಲ್ಲದ ಪ್ರೀತಿ ಬರೀ ಭಾವುಕತೆಯಾಗುತ್ತದೆ, ಪ್ರೀತಿಯಿಲ್ಲದ ಬಲ ದಬ್ಬಾಳಿಕೆಯಾಗುತ್ತದೆ ಎಂಬುದು ಆ ಮಾತಿನ ತಾತ್ಪರ್ಯ.

*🌱 ಇಂದಿನ ಅಭ್ಯಾಸ*

1️⃣ ನಿಮಗೆ ಇಷ್ಟವಾಗದ ಒಬ್ಬರನ್ನು ನೆನೆಯಿರಿ. ಅತಿ ದೊಡ್ಡ ನೋವು ಕೊಟ್ಟವರು ಬೇಡ, ಚಿಕ್ಕದರಿಂದ ಶುರುಮಾಡಿ.

2️⃣ ಒಂದು ಹಾಳೆಯ ಎಡಕ್ಕೆ ಅವರು ಮಾಡಿದ ತಪ್ಪನ್ನು ಬರೆಯಿರಿ, ಬಲಕ್ಕೆ ಅವರಿಗಿರುವ ಒಂದು ಕಷ್ಟವನ್ನು. ತಪ್ಪನ್ನು ಅಳಿಸಬೇಡಿ. ಎರಡೂ ಒಂದೇ ಹಾಳೆಯಲ್ಲಿ ಇರಲಿ.

3️⃣ ಇಂದು ಸಂಜೆಯೊಳಗೆ ಆ ಕಷ್ಟಕ್ಕೆ ತಾಗುವ ಒಂದು ಸಣ್ಣ ಕೆಲಸ ಮಾಡಿ. ಹೇಳಿಕೊಳ್ಳಬೇಡಿ, ಪ್ರತಿಫಲ ಕಾಯಬೇಡಿ.

4️⃣ ಮಾಡಲು ಆಗಲಿಲ್ಲವೇ? ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಧ್ಯಾನದ ಮೊದಲ ಹಂತಕ್ಕೆ ಮರಳಿ, ನಿಮಗೆ ನೀವೇ ಒಳಿತು ಕೋರಿಕೊಳ್ಳಿ. ನಾಳೆ ಮತ್ತೆ ಪ್ರಯತ್ನಿಸಿ.

*❓ ಚರ್ಚೆಗೆ:* ನಮ್ಮ ಬೀದಿಯಲ್ಲಿ ಪ್ರೀತಿ ಇದೆ, ಆದರೆ ಏರ್ಪಾಡು ಇಲ್ಲದ ಕಾರಣಕ್ಕೆ ನಿಂತುಹೋಗಿರುವ ಒಂದು ಕೆಲಸ ಯಾವುದು? ಅದಕ್ಕೆ ನಾನು ಕೊಡಬಹುದಾದದ್ದು ಏನು: ಸಮಯವೇ, ವಾಹನವೇ, ಅಡುಗೆಯೇ, ಲೆಕ್ಕವೇ?

ಓದಿದವರು ಮನೆಯಲ್ಲಿ ಒಬ್ಬರಿಗಾದರೂ ಓದಿ ಹೇಳಿ. ಉಪಯುಕ್ತ ಅನಿಸಿದರೆ ಹಂಚಿಕೊಳ್ಳಿ.

ಇಷ್ಟವಾದವರಿಗೂ, ಇಷ್ಟವಾಗದವರಿಗೂ, ಎಲ್ಲರಿಗೂ ಮಂಗಳವಾಗಲಿ. 🙏🪷